ಪಕ್ಕೆ ಮೀನು ಬೆದರಿದ ದಿನ

ಊರಿನ ನೀರಿನ ತೊಟ್ಟಿಯಲ್ಲಿ ಕೈ ಅದ್ದಿದಾಗ ಅದರಲ್ಲಿ ಸಾಕಿದ ಪಕ್ಕೆ ಎಂಬ ಸಣ್ಣ ಮೀನುಗಳು ಬೆದರಿದರೆ, ಅದು ವಿಷ ಮುಟ್ಟಿದ ಕೈಯೆಂದು ಲೆಕ್ಕ; ಆ ಕೈಗೆ ಕುಡಿಯುವ ನೀರಿಲ್ಲ. ಊರೂರಲ್ಲೂ ಅದೇ ಕಾನೂನು. ಈ ಊರಿನ ತೊಟ್ಟಿ ಕಾಯುವವಳು ನಿಂಗಾಜಮ್ಮ. ಬಣ್ಣದ ಕಾರ್ಖಾನೆಯ ಜವರಪ್ಪ ಕೆರೆಗೆ ವಿಷ ಬಿಟ್ಟಿದ್ದರಿಂದ ಅವಳ ಮಗಳು ಸತ್ತಿದ್ದಳು. ಅವನು ಮಾತ್ರ ಸಾಕ್ಷಿಯಿಲ್ಲವೆಂದು ಪಾರಾಗಿದ್ದ.

ಗಾಯಗೊಂಡ ಪಕ್ಕೆ ಮೀನಿನ ಚರ್ಮದ ವಾಸನೆಗೆ ಹಿಂಡೆಲ್ಲ ಬೆದರಿ ಓಡುತ್ತದೆ, ಅದರ ಜೊತೆ ಬಂದ ಬೇರೆ ವಾಸನೆಯನ್ನೂ ಮರೆಯುವುದಿಲ್ಲ. ನಿಂಗಾಜಮ್ಮ ಜವರಪ್ಪನ ಬೆವರಿನ ಟವೆಲ್ಲನ್ನು ಕದ್ದು ತಂದು, ಮೈ ಗೀರಿದ ಮೀನಿನೊಂದಿಗೆ ತಿಂಗಳಿಡೀ ತೊಟ್ಟಿಯಲ್ಲಿ ಅದ್ದಿದಳು.

ಇಂದು ಅವನು ಕೈಯಿಟ್ಟೊಡನೆ ಮೀನುಗಳು ಮೂಲೆಗೆ ನುಗ್ಗಿದವು.

"ನಾನು ವಿಷ ಬಿಟ್ಟು ಎಲ್ಡು ವರ್ಸಾಯ್ತಲ್ಲವ್ವ! ಈಗ್ಯಾಕೆ ಬೆದರ್ತವೆ?" ಎಂದು ಜವರಪ್ಪ ಕೂಗಾಡಿದ.

ಬಿಂದಿಗೆ ಹಿಡಿದು ಸಾಲುಗಟ್ಟಿದ್ದ ಜನರೆಲ್ಲ ಅವನತ್ತ ತಿರುಗಿದರು.

"ಏನಂದ್ರಿ ಸಾಮಿ?" ಎಂದಳು ನಿಂಗಾಜಮ್ಮ. "ಇನ್ನೊಂದ್ಸಲ ಜೋರಾಗಿ ಹೇಳಿ."