ಕೈಗುಣ

ಅವಳು ಹುಣಸೆಹಣ್ಣು ಹಚ್ಚಿ ಹಳೆಯ ಕಾರಿನ ಹಿತ್ತಾಳೆ ಹಾರ್ನನ್ನು ಉಜ್ಜುತ್ತಿದ್ದಳು. ಹೊಳಪು ಬಂದಾಗಿತ್ತು, ಆದರೂ ಕೈ ನಿಲ್ಲುತ್ತಿರಲಿಲ್ಲ. ಗಂಡನನ್ನು ಕೇಳಬೇಕೆಂದಿದ್ದ ಮಾತನ್ನು ಬೆಳಗ್ಗೆಯಿಂದ ಮುಂದೂಡುತ್ತಲೇ ಇದ್ದಳು.

ಶೆಡ್ಡಿನ ಬಾಗಿಲಲ್ಲಿ ಗಂಡ ತನ್ನ ಗೆಳೆಯನ ಜೊತೆ ಕಾಫಿ ಕುಡಿಯುತ್ತ ನಿಂತಿದ್ದ. ಇಬ್ಬರಿಗೂ ಹಳೇ ಕಾರುಗಳ ಹುಚ್ಚು.

"ನನ್ನ ಗಾಡಿ ಹದಿನೈದು ದಿನ ನಿಲ್ಲಿಸಿದ್ರೆ ಸಾಕು, ಬ್ಯಾಟರಿ ಮಲಗಿಬಿಡತ್ತೆ," ಎಂದ ಗೆಳೆಯ. "ನಿಂದು ಹೆಂಗೋ?"

"ನಾನು ಮುಟ್ಟೋದೇ ತಿಂಗಳಿಗೊಂದ್ಸಲ. ಆದ್ರೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಕೈಗುಣ ಕಣಯ್ಯ."

"ಅತ್ತಿಗೆ, ನಿಮ್ಮನ್ನೂ ಇಷ್ಟೇ ಚೆನ್ನಾಗಿ ನೋಡ್ಕೊಳ್ತಾನಾ?"

"ನನಗೆಲ್ಲಿ ಕವರ್ ಹೊದಿಸ್ತಾರೆ?" ಎಂದಳು. ಗಂಡಸರಿಬ್ಬರೂ ನಕ್ಕರು. ಆ ನಗುವಿನ ಧೈರ್ಯದಲ್ಲೇ ಕೇಳಿಬಿಟ್ಟಳು:

"ರೀ, ಮುಂದಿನ ತಿಂಗಳು ಹಳೇ ಕಾರುಗಳ ರ‍್ಯಾಲಿಗೆ ನಾನೂ ನಿಮ್ಮ ಪಕ್ಕದಲ್ಲಿ ಕೂತು ಬರಲಾ?"

"ನೀನಾ? ಕ್ಲಚ್ ಯಾವುದು, ಬ್ರೇಕ್ ಯಾವುದು ಗೊತ್ತಿಲ್ಲ. ಅಲ್ಲಿ ಯಾರಾದ್ರೂ ಗಾಡಿ ಬಗ್ಗೆ ಕೇಳಿದ್ರೆ ಏನು ಹೇಳ್ತೀಯ? ಸುಮ್ಮನೆ ಆಟೋದಲ್ಲಿ ಬಂದು, ಜನದ ಜೊತೆ ನಿಂತು ನೋಡು."

"ಆಗಲಿ," ಎಂದಳು.

ಹಾರ್ನನ್ನು ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಗಂಡನ ಕೈಗಿತ್ತಳು. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ಅವಳ ಮನಸ್ಸಿನ ಚಡಪಡಿಕೆ ನಿಂತಿತ್ತು. ವರ್ಷಗಳಿಂದ ಯಾರಿಗೂ ಹೇಳದೆ, ಅವನು ಆಫೀಸಿಗೆ ಹೋದ ಮೇಲೆ ವಾರಕ್ಕೆರಡು ಸಲ ಕಾರನ್ನು ಸ್ಟಾರ್ಟ್ ಮಾಡಿ ಕಾಂಪೌಂಡಿನೊಳಗೆ ಒಂದು ಸುತ್ತು ಓಡಿಸಿ ನಿಲ್ಲಿಸುತ್ತಿದ್ದಳು; ಆ ಕೆಲಸವನ್ನು ನಾಳೆಯಿಂದ ಬಿಟ್ಟುಬಿಡುವುದೆಂದು ಅವಳು ತೀರ್ಮಾನಿಸಿದ್ದಳು.