ಜೊತೆಗೆ ಉಂಡವರು

"ಜ್ವರ ಶುರುವಾದ ಮೇಲೆ ಯಾರ ಜೊತೆ ಊಟ ಮಾಡಿದ್ರಿ, ಮೇಡಂ?" ಗಾಜಿನ ಆಚೆಯಿಂದ ನರ್ಸ್ ಕೇಳಿದಳು.

"ಯಾರ ಜೊತೆನೂ ಇಲ್ಲ," ಒಳಗೆ ಮಂಚದ ಮೇಲೆ ಕೂತಿದ್ದ ವಿಜ್ಞಾನಿ ಹೇಳಿದಳು. ಹೋದ ವಾರ ಸಂಶೋಧನೆಗೆಂದು ರಕ್ತ ತೆಗೆಯುವಾಗ ಬಾವಲಿಯೊಂದು ಅವಳ ಕೈಗವಸು ಹರಿದು ಹಲ್ಲೂರಿತ್ತು. ಈಗ ಮೈ ಕೆಂಡ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಈ ಕೋಣೆಯಿಂದ ಹೊರಬರುವಂತಿಲ್ಲ.

"ಯಾರಾದ್ರೂ ಮನೆಗೆ ಬಂದಿದ್ರಾ? ಕೈ ಹಿಡ್ಕೊಂಡು ಮಾತಾಡಿಸಿದ್ರಾ?"

"ಇಲ್ಲಮ್ಮ."

"ಯೋಚನೆ ಮಾಡಿ. ಮೊದಲ ಸಲಕ್ಕೆ ಯಾರಿಗೂ ನೆನಪಾಗಲ್ಲ, ಮತ್ತೆ ಮತ್ತೆ ಕೇಳಬೇಕು ಅಂತ ನೀವೇ ಪಾಠ ಮಾಡಿದ್ದು."

ಹೌದು, ಅವಳದೇ ಪಾಠ. ಪ್ರಾಣಿಯಿಂದ ಮನುಷ್ಯನಿಗೆ ದಾಟಿದ ವೈರಸ್ಸು ಮುಂದೆ ಹೋಗುವುದು ಜೊತೆಗೆ ಉಂಡವರ, ಪಕ್ಕದಲ್ಲಿ ಮಲಗಿದವರ ಮೂಲಕವೇ ಎಂದು ಊರೂರು ತಿರುಗಿ ಕಲಿಸಿದವಳು. ಅತ್ತೆ, ನಾದಿನಿ, ಷಡ್ಡಕ, ಪಕ್ಕದ ಮನೆಯ ಅಜ್ಜಿ ಎಂದು ರೋಗಿಗಳು ಹೇಳುತ್ತಲೇ ಹೋದರೆ, ಇವರಿಗೆಲ್ಲ ಇಷ್ಟೊಂದು ಜನ ಯಾಕಾದರೂ ಇರುತ್ತಾರೋ ಎಂದು ಗೊಣಗುತ್ತಿದ್ದಳು. ಈಗ ತನ್ನ ಸರದಿ ಬಂದಾಗ ಹೇಳಲು ಒಬ್ಬರೂ ಇಲ್ಲ. ನಾಚಿಕೆಯಾಯಿತು, ಅಳು ಬಂತು.

"ಬಿಡಿ, ನಮ್ಮ ಕೆಲಸ ಹಗುರಾಯ್ತು," ಎಂದಳು ನರ್ಸ್. ಪಾಪ, ಸಮಾಧಾನಕ್ಕೆಂದೇ ಆಡಿದ ಮಾತು.

"ಅಕ್ಕ," ಬಾಯಿ ತಪ್ಪಿ ಬಂದುಬಿಟ್ಟಿತು. "ಭಾನುವಾರ ಅಕ್ಕನ ಮನೇಲಿ ಊಟ ಮಾಡಿದೆ."

"ಹಾಗಿದ್ರೆ ಅವರೂ ಬೇರೆ ರೂಮಲ್ಲಿ ಒಬ್ಬರೇ ಇರಬೇಕಾಗುತ್ತೆ. ಫೋನ್ ಮಾಡ್ತೀನಿ."

ಶುದ್ಧ ಸುಳ್ಳು. ಅಮ್ಮ ತೀರಿಕೊಂಡಾಗ ಇವಳು ರೋಗ ಹಬ್ಬಿದ ಹಳ್ಳಿಯೊಂದರಲ್ಲಿ ಸಿಕ್ಕಿಕೊಂಡಿದ್ದಳು, ಕೊನೆಗೆ ಮುಖ ನೋಡಲೂ ಬರಲಾಗಲಿಲ್ಲ. "ನಿನಗೆ ಬಾವಲಿಗಳೇ ಬಂಧುಬಳಗ, ನನ್ನ ಹೊಸ್ತಿಲು ತುಳೀಬೇಡ" ಎಂದ ಅಕ್ಕ ಅಂದಿನಿಂದ ಇವಳ ಫೋನ್ ಎತ್ತಿಲ್ಲ. ನನಗೆ ತಂಗಿಯೇ ಇಲ್ಲ ಅಂದುಬಿಟ್ಟರೆ? ಅನ್ನಲಿ. ಜ್ವರದ ಸುದ್ದಿ ಅಕ್ಕನ ಕಿವಿಗೆ ಬಿದ್ದರೆ ಸಾಕಿತ್ತು.

ನರ್ಸ್ ತಿರುಗಿ ಬಂದಾಗ ಇವಳು ಎದ್ದು ಗಾಜಿನ ಹತ್ತಿರ ಬಂದಳು. "ಏನಂದ್ರು?"

"ನೀವು ಬಂದಿದ್ರಾ ಅಂತ ಕೇಳಿದ್ದಕ್ಕೆ, ಮೊದಲು ಜ್ವರ ಎಷ್ಟಿದೆ ಹೇಳಿ ಅಂದ್ರು. ಹೇಳಿದೆ."

"ಆಮೇಲೆ?"

"ಬಂದಿದ್ದಳು ಅಂದ್ರು. ರಾತ್ರಿ ಇದ್ದು ಹೋಗು ಅಂದ್ರೂ ನೀವು ಕೇಳಲಿಲ್ಲವಂತೆ, ಅರ್ಧ ಊಟಕ್ಕೇ ಎದ್ದು ಹೊರಟ್ರಂತೆ. ಹಾಗೆ ನಿಮ್ಮನ್ನ ಬೈತಾ ಬೈತಾನೇ ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ರು ಮೇಡಂ, ಫೋನಲ್ಲೇ ಸದ್ದು ಕೇಳಿಸ್ತು."