ಟೋಪಿಯ ತುದಿಗೊಂದು ಗೆಜ್ಜೆ

ಕ್ರಿಸ್‌ಮಸ್ ಟೋಪಿ ಒಂದಕ್ಕೆ ನಾನು ಇನ್ನೂರು ರೂಪಾಯಿ ಹೇಳುತ್ತೇನೆ. ಮೂಡಿಗೆರೆ ಪೇಟೆಯಲ್ಲಿ ಅರವತ್ತಕ್ಕೆ ಸಿಗುವುದು ಸ್ಯಾಟಿನ್, ನನ್ನದು ವೆಲ್ವೆಟ್, ಚೌಕಾಸಿ ಬೇಡ. ಆ ಕೆಂಪು ಬಟ್ಟೆ ಕತ್ತರಿಸುವಾಗ ಏಳುವ ಹೊಸ ವಾಸನೆಗೆ ಇವತ್ತಿಗೂ ನಾನೊಮ್ಮೆ ಬಾಗಿಲ ಕಡೆ ತಿರುಗಿ ನೋಡುತ್ತೇನೆ.

ನಾನು ಚಿಕ್ಕವಳಿದ್ದಾಗ ಒಮ್ಮೆ ಶಾಲೆಯ ಕ್ರಿಸ್‌ಮಸ್ ಕುಣಿತಕ್ಕೆಂದು ಅಮ್ಮ ನನಗೆ ಟೋಪಿ ಹೊಲಿಯುತ್ತಿದ್ದಳು. ಬೆಳಕು ಚೆನ್ನಾಗಿರಲೆಂದು ಮೆಷಿನ್ನನ್ನು ಕಾಫಿ ಒಣಗಿಸುವ ಕಣಕ್ಕೆ ತಂದಿಟ್ಟಿದ್ದಳು. "ಸ್ಯಾಟಿನ್ ಹೊಳೀತದೆ, ತಲೇಲಿ ನಿಲ್ಲಲ್ಲ. ವೆಲ್ವೆಟ್ ಹಿಡ್ಕೊಳ್ತದೆ," ಎಂದು ನೂಲು ಕಚ್ಚಿದಳು. ತುದಿಗೆ ಗೆಜ್ಜೆ ಬೇಕೆಂದು ನಾನು ಹಟ ಹಿಡಿದೆ. "ಗುಡ್ಡಕ್ಕೆ ಬಿಡೋ ದನವೇನೇ ನೀನು?" ಎನ್ನುತ್ತಲೇ ಒಂದನ್ನು ಹೊಲಿದು, ಟೋಪಿಯನ್ನು ನನ್ನ ತಲೆಗಿಟ್ಟಳು.

ಆಗ ಕಣದ ಅಂಚಿನ ಕಾಫಿ ಗಿಡಗಳು ಬಾಗಿ, ನಡುವಿನಿಂದ ಆನೆ ಹೊರಬಂತು. ಅದು ನಿಂತದ್ದು ನಮಗೂ ಮನೆಬಾಗಿಲಿಗೂ ಮಧ್ಯೆ.

"ಅಲ್ಲಾಡ್ಬೇಡ ಮಾರಾಯ್ತಿ," ಅಮ್ಮ ಉಸಿರಿನಲ್ಲೇ ಹೇಳಿದಳು. ನಾನು ಅಲ್ಲಾಡಲಿಲ್ಲ, ಆದರೆ ನಡುಗುತ್ತಿದ್ದೆ. ಗೆಜ್ಜೆ ಸಣ್ಣಗೆ ಸದ್ದು ಮಾಡಿತು. ಆನೆ ಕಿವಿ ಬೀಸುವುದನ್ನು ನಿಲ್ಲಿಸಿತು. ಅಮ್ಮ ನಿಧಾನವಾಗಿ ಕೈ ಚಾಚಿ ಗೆಜ್ಜೆಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಸದ್ದು ನಿಂತಿತು.

ಆನೆ ಬಾಳೆಯ ಕಡೆ ತಿರುಗಿ ತೋಟಕ್ಕೆ ಇಳಿದ ಮೇಲೂ ಅವಳು ಬೆರಳು ಬಿಡಿಸಲಿಲ್ಲ. "ವೆಲ್ವೆಟ್ ಬೆಚ್ಚಗಿದೆ ಅಲ್ವಾ?" ಎಂದಷ್ಟೇ ಕೇಳಿದಳು.

ಮಕ್ಕಳಿಗೆ ಟೋಪಿ ಹೊಲಿಸುವವರು ವೆಲ್ವೆಟ್ಟನ್ನೇ ಕೊಳ್ಳಿ, ಒಳಗೆ ಹತ್ತಿಬಟ್ಟೆಯ ಲೈನಿಂಗ್ ಕೊಡಿಸಿ. ತೋಟದ ನಡುವೆ ಮನೆಯಿದ್ದರೆ ತುದಿಗೆ ಉಲ್ಲನ್ ಉಂಡೆ ಸಾಕು; ಗೆಜ್ಜೆ ಬೇಕೆಂದು ಮಗು ಅತ್ತರೆ ಅಳಲಿ.